ಸ್ಟೀರಾಯ್ಡ್ ಒಳಕಿವಿಯ ಯಾವ ಜೀನ್‌ಗಳನ್ನು ಬದಲಿಸುತ್ತದೆ ಎಂದು ಪರೀಕ್ಷಿಸುವ ಬಗೆ

ಹಠಾತ್ತಾಗಿ ಕಿವಿ ಕೇಳಿಸದಾದವರಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುವುದು, ಕಿವಿತಮಟೆಯ ಮೂಲಕ ಡೆಕ್ಸಾಮೆಥಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಚುಚ್ಚುವುದು ರೂಢಿಯಲ್ಲಿದೆ. ಆ ಔಷಧ ಒಳಗೆ ಯಾವ ಜೀನ್‌ಗಳನ್ನು ಏರಿಳಿಸುತ್ತದೆ ಎಂದು ಸುಂಡಿಲಿಯಲ್ಲಿ ಪರೀಕ್ಷಿಸಲು ಹೊರಟವರು ಮೊದಲು ಅರಿಯಬೇಕಾದದ್ದು, ಸ್ಟೀರಾಯ್ಡ್ ತಾಗದ ಒಳಕಿವಿ ಎಂಬುದೇ ಇಲ್ಲ ಎಂಬುದನ್ನು. ಪ್ರಾಣಿಯ ರಕ್ತದಲ್ಲಿ ಅದರದೇ ಸ್ಟೀರಾಯ್ಡ್ ಆದ ಕಾರ್ಟಿಕೋಸ್ಟೀರೋನ್ ಇದ್ದೇ ಇರುತ್ತದೆ. ಕತ್ತಲಾಗುವ ಹೊತ್ತಿಗೆ ಅದು ಏರುತ್ತದೆ, ಪ್ರಾಣಿಯನ್ನು ಹಿಡಿದರೂ ಸೂಜಿ ಚುಚ್ಚಿದರೂ ಏರುತ್ತದೆ. ಆದ್ದರಿಂದ ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದ ಮೇಲೆ, ಎಲ್ಲ ಮಾದರಿಗಳನ್ನೂ ದಿನದ ಒಂದೇ ಹೊತ್ತಿನಲ್ಲಿ ತೆಗೆಯಿರಿ. ಹೋಲಿಕೆಯ ಗುಂಪಿಗೂ ಔಷಧವಿಲ್ಲದ ಅದೇ ದ್ರಾವಣವನ್ನು ಅದೇ ರೀತಿ ಚುಚ್ಚಿರಿ. ಅಂಗಾಂಶವನ್ನು ತಟ್ಟೆಯಲ್ಲಿ ಬೆಳೆಸುವುದಾದರೆ, ಪೋಷಣೆಗೆ ಹಾಕುವ ಸೀರಮ್‌ನಲ್ಲೂ ಸ್ಟೀರಾಯ್ಡ್ ಇರುತ್ತದೆಯಾದ್ದರಿಂದ, ಇದ್ದಿಲಿನಿಂದ ಶೋಧಿಸಿದ ಸೀರಮ್ಮನ್ನೇ ಬಳಸಬೇಕು.

ಕಾಕ್ಲಿಯಾವನ್ನು (ಒಳಕಿವಿಯಲ್ಲಿ ಶ್ರವಣಕ್ಕೆ ಮೀಸಲಾದ ಸುರುಳಿಯಾಕಾರದ ಭಾಗ) ಇಡಿಯಾಗಿ ಅರೆಯುವುದು ಸುಲಭ, ಆದರೆ ನನ್ನ ಅಭಿಪ್ರಾಯದಲ್ಲಿ ಹಾಗೆ ಮಾಡಲೇಬಾರದು. ಅದರೊಳಗಿನ ಎಂಡೋಲಿಂಫ್ ದ್ರವದಲ್ಲಿ ಪೊಟ್ಯಾಸಿಯಂ ಅನ್ನು ಸುಮಾರು 150 ಮಿಲಿಮೋಲಾರ್‌ನಲ್ಲಿ, ವಿದ್ಯುತ್ ವಿಭವವನ್ನು ಸುಮಾರು 80 ಮಿಲಿವೋಲ್ಟ್‌ನಲ್ಲಿ ಉಳಿಸುವ ಸ್ಟ್ರಯಾ ವ್ಯಾಸ್ಕುಲಾರಿಸ್ ಎಂಬ ಪದರ ಒಂದು ತೆರನಾಗಿಯೂ, ಶಬ್ದವನ್ನು ಗ್ರಹಿಸುವ ರೋಮಕೋಶಗಳಿರುವ ಕಾರ್ಟಿ ಅಂಗ ಮತ್ತೊಂದು ತೆರನಾಗಿಯೂ ಸ್ಪಂದಿಸಬಹುದು. ಕಲಸಿದರೆ ಒಂದರ ಏರಿಕೆ ಇನ್ನೊಂದರ ಇಳಿಕೆಯಲ್ಲಿ ಮುಚ್ಚಿಹೋಗುತ್ತದೆ. ಮಂಜುಗಡ್ಡೆಯ ಮೇಲಿಟ್ಟ ತಣ್ಣನೆಯ ದ್ರಾವಣದಲ್ಲಿ, ಜೀನಿನ ಕೆಲಸದ ಪ್ರಮಾಣ ತೋರುವ ಆರ್‌ಎನ್‌ಎ ಕೆಡುವ ಮುನ್ನ, ನಿಮಿಷಗಳೊಳಗೆ ಇವನ್ನು ಬಿಡಿಸಬೇಕು. ಕೈ ಪಳಗುವವರೆಗೆ ಬರೀ ಬಿಡಿಸುವುದನ್ನೇ ಅಭ್ಯಾಸ ಮಾಡಿದರೂ ನಷ್ಟವಿಲ್ಲ.

ಮುಂದಿನ ಪ್ರಶ್ನೆ ಗ್ರಾಹಿಯದು, ಅಂದರೆ ಕೋಶದೊಳಗೆ ಸ್ಟೀರಾಯ್ಡ್ ಅಂಟಿಕೊಳ್ಳುವ ಪ್ರೋಟೀನಿನದು. ಸ್ಟೀರಾಯ್ಡ್ ಕೋಶಪೊರೆಯನ್ನು ದಾಟಿ ಗ್ರಾಹಿಯನ್ನು ಹಿಡಿಯುತ್ತದೆ, ಆ ಜೋಡಿ ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿ ಜೀನನ್ನು ಏರಿಸುತ್ತದೆ ಅಥವಾ ತಗ್ಗಿಸುತ್ತದೆ. ಒಳಕಿವಿಯಲ್ಲಿ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಿಯೂ ಇದೆ, ಮಿನರಲೋಕಾರ್ಟಿಕಾಯ್ಡ್ ಗ್ರಾಹಿಯೂ ಇದೆ. ಪ್ರೆಡ್ನಿಸೋಲೋನ್ ಎರಡನ್ನೂ ಹಿಡಿಯುತ್ತದೆ, ಡೆಕ್ಸಾಮೆಥಾಸೋನ್ ಮುಖ್ಯವಾಗಿ ಮೊದಲನೆಯದನ್ನು. ತಮ್ಮದೇ ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಶ್ರವಣ ಕುಂದುವ ಒಂದು ತಳಿಯ ಸುಂಡಿಲಿಗಳಲ್ಲಿ, ಮುಖ್ಯವಾಗಿ ಎರಡನೆಯ ಗ್ರಾಹಿಯನ್ನು ಹಿಡಿಯುವ, ಉರಿಯೂತವನ್ನು ತಗ್ಗಿಸದ ಆಲ್ಡೋಸ್ಟೀರೋನ್ ಎಂಬ ಸ್ಟೀರಾಯ್ಡ್ ಕೂಡ ಶ್ರವಣವನ್ನು ಸುಧಾರಿಸಿದೆ. ಹೀಗಿರುವಾಗ ಎಲ್ಲ ಫಲಿತಾಂಶವನ್ನೂ ಉರಿಯೂತ ತಗ್ಗಿದ್ದರ ಲೆಕ್ಕಕ್ಕೆ ಬರೆಯುವುದು ತಪ್ಪು. ಒಂದು ಗುಂಪಿಗೆ ಮೊದಲನೆಯ ಗ್ರಾಹಿಯನ್ನು ತಡೆಯುವ ಮಿಫೆಪ್ರಿಸ್ಟೋನ್, ಇನ್ನೊಂದಕ್ಕೆ ಎರಡನೆಯದನ್ನು ತಡೆಯುವ ಸ್ಪಿರೋನೋಲ್ಯಾಕ್ಟೋನ್ ಕೊಟ್ಟು ನೋಡಿರಿ.

ಔಷಧ ಕೊಟ್ಟ 1, 6 ಮತ್ತು 24 ಗಂಟೆಗಳ ನಂತರ ಅಳೆಯಿರಿ. ಪ್ರೋಟೀನ್ ತಯಾರಿಕೆಯನ್ನು ಸೈಕ್ಲೋಹೆಕ್ಸಿಮೈಡ್‌ನಿಂದ ತಡೆದಾಗಲೂ ಏರುವ ಜೀನ್ ಗ್ರಾಹಿಯ ನೇರ ಗುರಿಯಾಗಿರುವ ಸಂಭವ ಹೆಚ್ಚು. ಎಫ್‌ಕೆಬಿಪಿ5, ಪರ್1 ಮುಂತಾದ ಹೆಸರಾಂತ ಗುರಿಗಳು ಏರದಿದ್ದರೆ, ಔಷಧ ಅಂಗಾಂಶವನ್ನು ತಲುಪಿತೇ ಎಂದು ಮೊದಲು ಪರಿಶೀಲಿಸಬೇಕು. ಆರ್‌ಎನ್‌ಎ ಪ್ರಮಾಣ ಅಳೆಯುವ ಕ್ಯುಪಿಸಿಆರ್ ವಿಧಾನದಲ್ಲಿ ಹೋಲಿಕೆಗೆ ಕನಿಷ್ಠ ಎರಡು ಆಧಾರ ಜೀನ್‌ಗಳಿರಲಿ, ಅವು ಸ್ಟೀರಾಯ್ಡ್‌ನಿಂದ ಅಲುಗುವುದಿಲ್ಲವೆಂದು ಮುಂಚೆಯೇ ಖಚಿತಪಡಿಸಿಕೊಳ್ಳಿರಿ. ಮಾದರಿಯ ಸಂಖ್ಯೆಯೆಂದರೆ ಪ್ರಾಣಿಗಳ ಸಂಖ್ಯೆ. ಒಂದೇ ಪ್ರಾಣಿಯ ಆರ್‌ಎನ್‌ಎಯನ್ನು ಮೂರು ಬಾರಿ ಅಳೆದರೆ ಅದು ಮೂರಾಗುವುದಿಲ್ಲ.

ಆರ್‌ಎನ್‌ಎ ಏರಿದ ಮಾತ್ರಕ್ಕೆ ಕೋಶದ ಕೆಲಸ ಬದಲಾಯಿತೆಂದು ಹೇಳಲಾಗದು. ಇಲಿಯ ಒಳಕಿವಿಯಲ್ಲಿ ಸಮತೋಲನಕ್ಕೆ ನೆರವಾಗುವ ಅರ್ಧವೃತ್ತಾಕಾರದ ನಾಳಗಳ ಕೋಶಗಳಲ್ಲಿ ಡೆಕ್ಸಾಮೆಥಾಸೋನ್ ಸೋಡಿಯಂ ಕಾಲುವೆಯ ಜೀನನ್ನು ಏರಿಸಿದ್ದಲ್ಲದೆ, ಸೋಡಿಯಂ ಹೀರುವ ವಿದ್ಯುತ್ ಪ್ರವಾಹವನ್ನೂ ಹೆಚ್ಚಿಸಿದ್ದನ್ನು ಅಳೆದು ತೋರಿಸಲಾಗಿದೆ. ನಿಮ್ಮ ಜೀನ್‌ಗೂ ಅಂಥದೊಂದು ಅಳತೆಯನ್ನು ಪ್ರಯೋಗದ ಆರಂಭದಲ್ಲೇ ಗೊತ್ತುಮಾಡಿಕೊಳ್ಳಿರಿ.