ವಿಕಿಗೆ ಬರೆಯುವ ಮುನ್ನ: ಸ್ವಂತ ಹೆಸರೋ, ಗುಪ್ತನಾಮವೋ?

ವಿಕಿಪೀಡಿಯದಲ್ಲಿ ಖಾತೆ ತೆರೆಯಲು ಎರಡು ನಿಮಿಷ ಸಾಕು. ಬಳಕೆದಾರ ಹೆಸರು, ಪಾಸ್‌ವರ್ಡ್ ಇವೆರಡೇ ಕಡ್ಡಾಯ. ಆದರೆ ಆ ಮೊದಲ ಖಾನೆಯಲ್ಲಿ ಏನು ತುಂಬಬೇಕು ಎನ್ನುವುದನ್ನು ಎರಡು ನಿಮಿಷದಲ್ಲಿ ತೀರ್ಮಾನಿಸಬೇಡಿ. ಗುಪ್ತನಾಮದಲ್ಲಿ ಶುರುಮಾಡಿದವರು ಐದು ವರ್ಷ ಬಿಟ್ಟು ‘ಇದು ನಾನೇ’ ಎಂದು ಸದಸ್ಯರ ಪುಟದಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಸ್ವಂತ ಹೆಸರಲ್ಲಿ ಶುರುಮಾಡಿ ಆಮೇಲೆ ಮರೆಗೆ ಸರಿಯುತ್ತೇನೆ ಎಂದರೆ ಅದಕ್ಕೆ ಸರಿಯಾದ ದಾರಿಯೇ ಇಲ್ಲ. ಹಾಗಾಗಿ ಮನಸ್ಸಿನಲ್ಲಿ ಚೂರು ಅಳುಕಿದ್ದರೂ ಗುಪ್ತನಾಮದಿಂದಲೇ ಶುರುಮಾಡಿ.

ಹೆಸರು ಬದಲಿಸಲು ಆಗುವುದೇ ಇಲ್ಲ ಎಂದಲ್ಲ. ಜಾಗತಿಕ ಮರುನಾಮಕರಣಕ್ಕೆ (ಎಲ್ಲ ವಿಕಿಗಳಲ್ಲೂ ಒಟ್ಟಿಗೆ ಹೆಸರು ಬದಲಿಸುವುದಕ್ಕೆ) ಮನವಿ ಹಾಕುವ ಒಂದು ವಿಶೇಷ ಪುಟವಿದೆ. ಮನವಿ ಒಪ್ಪಿಗೆಯಾದರೆ ಎಲ್ಲ ಪುಟಗಳ ಇತಿಹಾಸದಲ್ಲೂ (ಯಾರು ಯಾವಾಗ ಏನು ತಿದ್ದಿದರೆಂಬ ಪಟ್ಟಿ) ಹೊಸ ಹೆಸರು ಬರುತ್ತದೆ. ಆದರೆ ಚರ್ಚೆಪುಟಗಳಲ್ಲಿ ನಾಲ್ಕು ಟಿಲ್ಡೆ (~) ಒತ್ತಿ ಹಾಕಿದ ಸಹಿ ಬರೀ ಪಠ್ಯ. ಅದು ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ ‘ಇಂಥ ಹೆಸರು ಇಂಥದ್ದಾಯಿತು’ ಎಂಬ ದಾಖಲೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಸಹಿ ತಿದ್ದಿಕೊಂಡು ಬರಲು ಹೊರಟರೆ ಆ ತಿದ್ದುಪಡಿಗಳೂ ಇತಿಹಾಸದಲ್ಲಿ ಸಾಲಾಗಿ ನಿಲ್ಲುತ್ತವೆ, ಅಡಗಿಸಲು ಹೋದದ್ದನ್ನೇ ತೋರಿಸಿಕೊಡುತ್ತವೆ.

ಕಾವ್ಯನಾಮ ಬೇರೆ, ಗುಪ್ತನಾಮ ಬೇರೆ

ಅಂಬಿಕಾತನಯದತ್ತ ಯಾರೆಂದು ಕನ್ನಡ ಓದುವವರಿಗೆಲ್ಲ ಗೊತ್ತು. ಬೇಂದ್ರೆಯವರು ಆ ಹೆಸರಿನ ಹಿಂದೆ ಅಡಗಿ ಕೂತಿರಲಿಲ್ಲ. ಅದು ಕಾವ್ಯನಾಮ. ನಿಮಗೆ ಬೇಕಾದದ್ದು ಅಂಥ ಹೆಸರಾದರೆ, ಅಂದರೆ ಗೆಳೆಯರಿಗೆ ಗೊತ್ತಿದ್ದರೂ ಪರವಾಗಿಲ್ಲ, ಗೂಗಲ್‌ನಲ್ಲಿ ಸ್ವಂತ ಹೆಸರು ಹುಡುಕಿದಾಗ ಮಾತ್ರ ಇದು ಮೇಲೆ ಬರಬಾರದು ಎನ್ನುವುದಾದರೆ, ಕೆಳಗಿನ ಎಚ್ಚರಗಳಲ್ಲಿ ಅರ್ಧ ಬಿಡಬಹುದು. ಯಾರಿಗೂ ಗೊತ್ತಾಗಲೇಬಾರದು ಎನ್ನುವುದಾದರೆ ಒಂದನ್ನೂ ಬಿಡುವಂತಿಲ್ಲ. ಎರಡರ ನಡುವೆ ತೂಗಾಡಿದವರದ್ದೇ ಮೊದಲು ಬಯಲಾಗುವುದು.

ಸ್ವಂತ ಹೆಸರು ಯಾರಿಗೆ ಒಪ್ಪುತ್ತದೆ? ಮಾಡಿದ ಕೆಲಸವನ್ನು ರೆಸ್ಯೂಮೆಯಲ್ಲಿ ತೋರಿಸಬೇಕಾದವರಿಗೆ, ಅನುವಾದಕರಿಗೆ, ಛಾಯಾಗ್ರಾಹಕರಿಗೆ, ಅನುದಾನಕ್ಕೆ ಅರ್ಜಿ ಹಾಕುವವರಿಗೆ. ಜಾತಿ, ರಾಜಕೀಯ, ಧರ್ಮ, ಬದುಕಿರುವ ರಾಜಕಾರಣಿಗಳ ಲೇಖನ, ಗಡಿ ವಿವಾದ ಇವುಗಳಿಗೆ ಕೈ ಹಾಕುವವರಿಗೆ ಗುಪ್ತನಾಮ ಒಳ್ಳೆಯದು. ಹೆಸರು ಹೇಳುತ್ತಿದ್ದಂತೆ ಊರು, ಜಾತಿ ಎರಡನ್ನೂ ಊಹಿಸುವ ನಾಡು ನಮ್ಮದು. ಅಡ್ಡಹೆಸರು (ಸರ್‌ನೇಮ್) ಕಂಡರೆ ಚರ್ಚೆ ವಿಷಯ ಬಿಟ್ಟು ಬರೆದವರ ಮೇಲೆ ತಿರುಗಲು ಹೆಚ್ಚು ಹೊತ್ತು ಬೇಡ. ಮಹಿಳೆಯರಿಗೆ ಹೆಸರಿನಿಂದಲೇ ಬರುವ ಅನಗತ್ಯ ಸಂದೇಶಗಳ ಕಾಟವೂ ಉಂಟು.

ಕೇಂದ್ರ ಸರ್ಕಾರಿ ನೌಕರರಿಗೆ ಒಂದು ಕಿವಿಮಾತು. 1964ರ ನಡತೆ ನಿಯಮಗಳ 9ನೇ ನಿಯಮ ಸರ್ಕಾರದ ನೀತಿಯನ್ನು ಟೀಕಿಸುವ ಬರಹಕ್ಕೆ ಹಾಕಿರುವ ನಿರ್ಬಂಧ ಅನಾಮಧೇಯವಾಗಿ, ಗುಪ್ತನಾಮದಲ್ಲಿ, ಬೇರೆಯವರ ಹೆಸರಿನಲ್ಲಿ ಬರೆದರೂ ಅನ್ವಯಿಸುತ್ತದೆ. ಹೆಸರು ಬದಲಿಸಿದ ಮಾತ್ರಕ್ಕೆ ನಿಯಮದಿಂದ ತಪ್ಪಿಸಿಕೊಂಡಂತಲ್ಲ.

ಎಲ್ಲರೂ ಸ್ವಂತ ಹೆಸರಲ್ಲೇ ಬರೆಯಲಿ ಎಂಬ ಪ್ರಯೋಗವೂ ನಡೆದಿದೆ. ವಿಕಿಪೀಡಿಯದ ಸಹಸ್ಥಾಪಕ ಲ್ಯಾರಿ ಸ್ಯಾಂಗರ್ 2006ರಲ್ಲಿ ಘೋಷಿಸಿದ ಸಿಟಿಜೆಂಡಿಯಂ ವಿಶ್ವಕೋಶ ಅದನ್ನೇ ಕಡ್ಡಾಯ ಮಾಡಿತು, ಬೆಳೆಯಲಿಲ್ಲ. ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2011ರಲ್ಲಿ ನಿಜಹೆಸರಿನ ಪಟ್ಟು ಹಿಡಿದು 2014ರಲ್ಲಿ ಕೈಬಿಟ್ಟಿತು. ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ತಂತ್ರಾಂಶದ ತಿರುಳು) ಕೋಡ್ ಕಳಿಸುವವರು ಸಹಿಯ ಸಾಲಿನಲ್ಲಿ ನಿಜಹೆಸರನ್ನೇ ಬರೆಯಬೇಕೆಂಬ ನಿಯಮ ವರ್ಷಾನುಗಟ್ಟಲೆ ಇತ್ತು. 2023ರಲ್ಲಿ ಅದನ್ನು ‘ಪರಿಚಿತ ಗುರುತು’ ಎಂದು ಸಡಿಲಿಸಿದರು. ಅನಾಮಧೇಯರಿಗೆ ಅಲ್ಲಿ ಈಗಲೂ ಪ್ರವೇಶವಿಲ್ಲ, ಒಂದೇ ಗುಪ್ತನಾಮದಲ್ಲಿ ನಿಂತು ಕೆಲಸ ಮಾಡುವವರಿಗೆ ಇದೆ.

ಹೆಸರು ಆರಿಸುವ ಕ್ರಮ

ಮೂರು ನಾಲ್ಕು ಹೆಸರು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದನ್ನೂ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ನಿಮ್ಮ ಇನ್‌ಸ್ಟಾಗ್ರಾಮ್, ಹಳೆಯ ಬ್ಲಾಗು, ಕ್ರಿಕೆಟ್ ಆ್ಯಪಿನ ಖಾತೆ ಯಾವುದಾದರೂ ಬಂದರೆ ಆ ಹೆಸರು ಹೊಡೆದುಹಾಕಿ. ಹುಟ್ಟಿದ ವರ್ಷ, ಪಿನ್‌ಕೋಡ್, ಬೈಕಿನ ನಂಬರು, ಮನೆದೇವರು, ಊರಿನ ಹೆಸರು ಬೇಡ. ಕಾಲೇಜಿನ ಸಂಪಾದನೋತ್ಸವಗಳಲ್ಲಿ (ಒಟ್ಟಿಗೆ ಕೂತು ವಿಕಿ ತಿದ್ದುವ ಕಾರ್ಯಕ್ರಮ) ‘ಹೆಸರು ಮತ್ತು ರಿಜಿಸ್ಟರ್ ನಂಬರ್’ ಇಡಿಸುವ ಅಭ್ಯಾಸವಂತೂ ನಿಲ್ಲಬೇಕು: ಮೇಷ್ಟ್ರಿಗೆ ಅಂಕ ಹಾಕಲು ಸಲೀಸು, ಆದರೆ ವಿದ್ಯಾರ್ಥಿಯ ಕಾಲೇಜು, ಬ್ಯಾಚು, ಹೆಸರು ಶಾಶ್ವತವಾಗಿ ಬಯಲಿನಲ್ಲಿ. ಯಾರ ಖಾತೆ ಯಾವುದೆಂಬ ಪಟ್ಟಿ ಮೇಷ್ಟ್ರ ಪುಸ್ತಕದಲ್ಲಿದ್ದರೆ ಸಾಕು.

ಕನ್ನಡ ಲಿಪಿಯಲ್ಲಿ ಹೆಸರಿಡಬಹುದು. ಒಂದು ತೊಡಕಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ವಿಕಿ ನಡೆಸುವ ಮೀಡಿಯಾವಿಕಿ ತಂತ್ರಾಂಶ ಅದನ್ನು ಬಳಕೆದಾರ ಹೆಸರಿನಲ್ಲಿ ಒಪ್ಪುವುದಿಲ್ಲ. ‘ಹೆಸರು ಸರಿಯಿಲ್ಲ’ ಎಂಬ ಸಂದೇಶ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಕಾಗುಣಿತ ನೇರವಾಗಿರುವ ‘ಮಳೆಹನಿ’ಯಂಥ ಹೆಸರು ಯಾವ ಕೀಲಿಮಣೆಯಲ್ಲೂ ಕಾಡುವುದಿಲ್ಲ. ಈ ಒಂದೇ ಹೆಸರು ಕನ್ನಡ, ತುಳು, ಇಂಗ್ಲಿಷ್ ವಿಕಿಪೀಡಿಯ, ಕಾಮನ್ಸ್ (ಚಿತ್ರ, ಧ್ವನಿಗಳ ಭಂಡಾರ), ವಿಕಿಸೋರ್ಸ್ (ಪುಸ್ತಕಗಳ ಭಂಡಾರ) ಎಲ್ಲಕ್ಕೂ ನಡೆಯುತ್ತದೆ; ಕನ್ನಡ ಓದಲು ಬಾರದವರ ಜೊತೆ ಕೆಲಸ ಮಾಡುವುದಿದ್ದರೆ ಪ್ರಾಶಸ್ತ್ಯಗಳಲ್ಲಿ (ಖಾತೆಯ ಸೆಟ್ಟಿಂಗ್ ಪುಟ) ಸಹಿಗೆ ಮಾತ್ರ ಇಂಗ್ಲಿಷ್ ರೂಪ ಸೇರಿಸಿ. ಸಂಸ್ಥೆಯ ಹೆಸರು, ಅಂಗಡಿಯ ಹೆಸರು, ಇಬ್ಬರು ಮೂವರು ಸೇರಿ ಬಳಸುವ ಖಾತೆ ಇವೆಲ್ಲ ಸಾಮಾನ್ಯವಾಗಿ ತಡೆಗೆ ಒಳಗಾಗುತ್ತವೆ. ನಿಮ್ಮ ನಿಜವಾದ ಹೆಸರೇ ಒಬ್ಬ ಸಿನಿಮಾ ನಟನದ್ದೂ ಆಗಿದ್ದರೆ ಸುಳ್ಳು ಖಾತೆ ಎಂಬ ಗುಮಾನಿ ಬರುತ್ತದೆ, ಆಗ ಇನಿಷಿಯಲ್ ಸೇರಿಸಿಕೊಳ್ಳಿ.

ಇಮೇಲ್ ಕಡ್ಡಾಯವಲ್ಲದಿದ್ದರೂ ಕೊಡಿ. ಪಾಸ್‌ವರ್ಡ್ ಮರೆತರೆ ಬೇರೆ ದಾರಿ ಇಲ್ಲ. ಆದರೆ ಇದಕ್ಕೆಂದೇ ತೆರೆದ ಹೊಸ ಇಮೇಲ್ ಆಗಿರಲಿ. ‘ಈ ಸದಸ್ಯರಿಗೆ ಇಮೇಲ್ ಮಾಡಿ’ ಕೊಂಡಿಯಿಂದ ನೀವು ಯಾರಿಗಾದರೂ ಬರೆದರೆ ನಿಮ್ಮ ವಿಳಾಸ ಅವರಿಗೆ ಕಾಣುತ್ತದೆ. ಅವರು ನಿಮಗೆ ಬರೆದಾಗ ಕಾಣುವುದಿಲ್ಲ, ನೀವು ಉತ್ತರ ಕೊಟ್ಟ ಕ್ಷಣ ಕಾಣುತ್ತದೆ. ಗುಪ್ತನಾಮ ಇಟ್ಟುಕೊಂಡು ಕಚೇರಿಯ ಇಮೇಲಿನಿಂದ ಉತ್ತರಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಬಯಲಾಗುವುದು ಹೇಗೆ

ಖಾತೆಯೇ ಬೇಡ, ಹಾಗೇ ತಿದ್ದಿ ಹೋಗುತ್ತೇನೆ ಎನ್ನುವವರು ತಮಗೆ ಗೊತ್ತಿಲ್ಲದೆ ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಟ್ಟಿದ್ದಾರೆ. ಹಾಗೆ ತಿದ್ದಿದವರ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತುಸಂಖ್ಯೆ) ಇತಿಹಾಸ ಪುಟದಲ್ಲಿ ಲೋಕಕ್ಕೆಲ್ಲ ಕಾಣುತ್ತಿತ್ತು. ಹಳೆಯವು ಈಗಲೂ ಕಾಣುತ್ತವೆ. 2024ರ ಕೊನೆಯಿಂದ ವಿಕಿಗಳಲ್ಲಿ ಹಂತಹಂತವಾಗಿ ಬಂದ ತಾತ್ಕಾಲಿಕ ಖಾತೆಗಳು ಐಪಿಯನ್ನು ಸಾರ್ವಜನಿಕರಿಂದ ಮರೆಮಾಡುತ್ತವೆ. ಅವು ಬ್ರೌಸರಿನ ಕುಕಿಯನ್ನು ನಂಬಿ ನಡೆಯುವುದರಿಂದ 90 ದಿನಕ್ಕೆ ಮುಗಿಯುತ್ತವೆ, ಕೆಲವು ಅನುಭವಿ ಸದಸ್ಯರಿಗೆ ಐಪಿ ನೋಡುವ ಅವಕಾಶವೂ ಇದೆ. ತುಂಬಾ ಸಾಮಾನ್ಯವಾದ ಎಡವಟ್ಟು ಇದು: ಲಾಗಿನ್ ಅವಧಿ ಮುಗಿದದ್ದು ಗಮನಿಸದೆ, ಈಗಷ್ಟೇ ಬರೆದ ಪ್ಯಾರಾದಲ್ಲೇ ಇನ್ನೊಂದು ಅಲ್ಪವಿರಾಮ ತಿದ್ದಿ ಉಳಿಸುವುದು. ಎರಡೂ ತಿದ್ದುಪಡಿ ಒಬ್ಬರದ್ದೇ ಎಂದು ನೋಡಿದವರಿಗೆಲ್ಲ ತಿಳಿಯುತ್ತದೆ. ‘ಪ್ರಕಟಿಸಿ’ ಗುಂಡಿ ಒತ್ತುವ ಮೊದಲು ಪುಟದ ಮೇಲ್ತುದಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ನೋಡುವ ರೂಢಿ ಮಾಡಿಕೊಳ್ಳಿ. ಐಪಿ ಮರೆಮಾಡುವ ವಿಪಿಎನ್ ಹಾಕಿಕೊಂಡರಾಯಿತು ಎನ್ನಬೇಡಿ, ಬಹುಪಾಲು ವಿಪಿಎನ್ ವಿಳಾಸಗಳಿಂದ ವಿಕಿಪೀಡಿಯ ತಿದ್ದಲು ಬಿಡುವುದಿಲ್ಲ.

ಫೋಟೋಗಳ ಕಡೆ ಬನ್ನಿ. ಕಾಮನ್ಸ್‌ಗೆ ಏರಿಸಿದ ಚಿತ್ರದ ಪುಟದಲ್ಲಿ ಕೆಳಗೆ ಒಂದು ಮೆಟಾಡೇಟಾ ಪಟ್ಟಿ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಮಾದರಿ, ತೆಗೆದ ಗಳಿಗೆ, ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ, ಕ್ಯಾಮೆರಾ ಕೊಂಡಾಗ ಮೆನುವಿನಲ್ಲಿ ನೀವೇ ತುಂಬಿ ಮರೆತ ಮಾಲೀಕರ ಹೆಸರು, ಎಲ್ಲವೂ ಅಲ್ಲಿರುತ್ತವೆ. ಹಿತ್ತಿಲಿನ ದಾಸವಾಳದ ಚಿತ್ರ ಹಾಕಿದರೆ ಮನೆಯ ವಿಳಾಸ ಕೊಟ್ಟ ಹಾಗೆಯೇ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಈಗಾಗಲೇ ತೆಗೆದವಕ್ಕೆ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಜಿಪಿಎಸ್ ಮತ್ತು ಹೆಸರಿನ ಖಾನೆಗಳನ್ನು ಅಳಿಸಿ. ಬೇಲೂರಿನ ದೇವಸ್ಥಾನದ ಚಿತ್ರಕ್ಕೆ ಸ್ಥಳದ ಮಾಹಿತಿ ಬೇಕೇ ಬೇಕು, ಅದನ್ನು ತೆಗೆಯಬೇಡಿ. ಒಮ್ಮೆ ಏರಿಸಿದ ಮೇಲೆ, ಮಾಹಿತಿ ಅಳಿಸಿದ ಪ್ರತಿಯನ್ನು ಅದರ ಜಾಗಕ್ಕೆ ಏರಿಸಿದರೆ ಹಳೆಯ ಆವೃತ್ತಿ ಕಡತದ ಇತಿಹಾಸದಲ್ಲೇ ಕೂತಿರುತ್ತದೆ, ಹಾಗಾಗಿ ಏರಿಸುವ ಮೊದಲೇ ಆಗಬೇಕಾದ ಕೆಲಸ ಇದು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಎಲ್ಲರೂ ಸೇರಿ ರಚಿಸುವ ಮುಕ್ತ ನಕ್ಷೆ) ಹೊಸಬರು ಮೊದಲು ಗುರುತಿಸುವುದು ಸ್ವಂತ ಮನೆ, ಎದುರಿನ ಕಿರಾಣಿ ಅಂಗಡಿ, ಗಲ್ಲಿಯ ನಲ್ಲಿ. ಖಾತೆಯ ಮೊದಲ ಹತ್ತು ಬದಲಾವಣೆಗಳನ್ನು ನಕ್ಷೆಯ ಮೇಲಿಟ್ಟರೆ ಸಾಕು, ಮನೆ ಎಲ್ಲಿದೆಯೆಂದು ಗೊತ್ತಾಗುತ್ತದೆ. ಮೊದಲ ಒಂದೆರಡು ವಾರ ಬೇರೆ ಬಡಾವಣೆಯಲ್ಲಿ ಕೈ ಪಳಗಿಸಿಕೊಳ್ಳಿ. ಜಿಪಿಎಸ್ ಜಾಡನ್ನು ಏರಿಸುವಾಗ ಆರಂಭದ ಮತ್ತು ಕೊನೆಯ ಅರ್ಧ ಕಿಲೋಮೀಟರ್ ಕತ್ತರಿಸಿ, ಗೋಚರತೆಯನ್ನು ಖಾಸಗಿ ಎಂದೇ ಇಡಿ.

ಕೋಡ್ ಬರೆಯುವವರಿಗೆ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಇನ್ನೂ ನಿರ್ದಯಿ. ಪ್ರತಿ ಕಮಿಟ್‌ನಲ್ಲೂ ಹೆಸರು, ಇಮೇಲ್ ಎರಡೂ ಸೇರಿ ಮುದ್ರೆಯಾಗುತ್ತವೆ. ಆಮೇಲೆ ಬದಲಿಸಿದರೆ ಅಲ್ಲಿಂದ ಮುಂದಿನ ಎಲ್ಲ ಕಮಿಟ್‌ಗಳ ಹ್ಯಾಶ್ ಬದಲಾಗುತ್ತದೆ, ಜೊತೆಗಾರರ ಪ್ರತಿಗಳ ಜೊತೆ ಹೊಂದಿಕೆ ತಪ್ಪುತ್ತದೆ, ಯಾವ ಯೋಜನೆಯೂ ಅದಕ್ಕೆ ಸುಲಭಕ್ಕೆ ಒಪ್ಪದು. ಗಿಟ್‌ಹಬ್‌ನ ಇಮೇಲ್ ಸೆಟ್ಟಿಂಗ್‌ನಲ್ಲಿ ವಿಳಾಸ ಖಾಸಗಿಯಾಗಿರಲಿ ಎಂಬುದಕ್ಕೂ, ವಿಳಾಸ ಬಯಲು ಮಾಡುವ ಪುಶ್ ತಡೆಯಿರಿ ಎಂಬುದಕ್ಕೂ ಗುರುತು ಹಾಕಿ; ಅಲ್ಲಿ ಕೊಡುವ ನೋ-ರಿಪ್ಲೈ ವಿಳಾಸವನ್ನೇ ನಿಮ್ಮ ಕಂಪ್ಯೂಟರಿನ ಗಿಟ್ ಕಾನ್ಫಿಗ್‌ನಲ್ಲಿ ಬರೆಯಿರಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ವಿಳಾಸ ಮೊದಲೇ ತುಂಬಿರುತ್ತದೆ. ಮೊದಲ ಕಮಿಟ್ ಆದ ಮೇಲೆ, ಪುಶ್ ಮಾಡುವ ಮೊದಲು, ಲಾಗ್ ತೆರೆದು ಆ ಸಾಲನ್ನು ಕಣ್ಣಾರೆ ನೋಡಿ.

ಇಷ್ಟೆಲ್ಲ ಮಾಡಿದರೂ ಕನ್ನಡದಂಥ ಚಿಕ್ಕ ಸಮುದಾಯದಲ್ಲಿ ಹೆಸರಿಗಿಂತ ಬೇಗ ಗುಟ್ಟು ಬಿಟ್ಟುಕೊಡುವುದು ನುಡಿ. ಒಬ್ಬರು ‘ಮಾಡೋಣ’ ಎನ್ನುವಲ್ಲಿ ಧಾರವಾಡದವರು ‘ಮಾಡೂಣು’ ಎನ್ನುತ್ತಾರೆ, ಕುಂದಾಪುರದವರ ವಾಕ್ಯದ ಬನಿಯೇ ಬೇರೆ. ಅರಳಿ ಕಟ್ಟೆಯ (ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚಾಪುಟ) ಚರ್ಚೆಯಲ್ಲಿ ಶಿಷ್ಟ ಬರಹಗನ್ನಡಕ್ಕೆ ಅಂಟಿಕೊಳ್ಳಿ. ಒಂದೇ ತಾಲ್ಲೂಕಿನ ಲೇಖನಗಳನ್ನಷ್ಟೇ ತಿದ್ದಬೇಡಿ. ಅದಕ್ಕಿಂತ ದೊಡ್ಡ ತೂತು ವಾಟ್ಸ್‌ಆ್ಯಪ್: ಗುಂಪಿಗೆ ಸೇರಿದ ಕೂಡಲೇ ನಂಬರು ಎಲ್ಲರ ಮುಂದೆ. ಟೆಲಿಗ್ರಾಂನಲ್ಲಾದರೆ ನಂಬರನ್ನು ಯಾರಿಗೂ ಕಾಣದಂತೆ ಮಾಡಬಹುದು. ವಿಕಿ ಸಮ್ಮಿಲನಕ್ಕೆ ಹೋದರೆ ಗುಂಪುಚಿತ್ರ ಕಾಮನ್ಸ್‌ಗೆ ಹೋಗುವುದು ಖಾತ್ರಿ, ಸಂಘಟಕರಿಗೆ ಮೊದಲೇ ತಿಳಿಸಿ. ಪ್ರಯಾಣಭತ್ಯೆ ಪಡೆದರೆ ಬ್ಯಾಂಕ್ ಖಾತೆಯಲ್ಲಿರುವ ಹೆಸರು ಅವರಿಗೆ ಗೊತ್ತಾಗಲೇಬೇಕು. ವರದಿಯಲ್ಲಿ ಬಳಕೆದಾರ ಹೆಸರು ಮಾತ್ರ ಹಾಕಿ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಹೆಸರು ಮುಚ್ಚಿಟ್ಟರೂ ಮುಚ್ಚಿಡಬಾರದ್ದು

ಸಂಬಳಕ್ಕೆ ಬರೆಯುವವರು ಯಾರ ಪರವಾಗಿ, ಯಾರ ಹಣದಿಂದ ಎಂದು ಹೇಳಲೇಬೇಕು. ಇದು 2014ರಿಂದ ವಿಕಿಮೀಡಿಯದ (ವಿಕಿಪೀಡಿಯ ನಡೆಸುವ ಸಂಸ್ಥೆ) ಬಳಕೆಯ ನಿಯಮ. ಎರಡು ಖಾತೆ ಇಟ್ಟುಕೊಂಡು ಒಂದೇ ಚರ್ಚೆಯಲ್ಲಿ ಎರಡು ಮತ ಹಾಕುವುದು ಕೈಗೊಂಬೆ ಖಾತೆ. ಸಿಕ್ಕಿಬಿದ್ದರೆ ಖಾತೆಗಳಿಗೆ ತಡೆ ಬೀಳುತ್ತದೆ. ಐಪಿಯಂಥ ತಾಂತ್ರಿಕ ಮಾಹಿತಿ 90 ದಿನ ಇರುತ್ತದೆ, ಅದನ್ನು ಪರೀಕ್ಷಿಸುವ ಅಧಿಕಾರ ಬೆರಳೆಣಿಕೆಯ ಜನರಿಗಿದೆ. ಇನ್ನೊಂದು, ಇಲ್ಲದ ಪದವಿ ಹೇಳಿಕೊಳ್ಳುವುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಸ್‌ಜೇ ಎಂಬ ಗುಪ್ತನಾಮದ ಹಿರಿಯ ಸದಸ್ಯ ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕ ಎಂದು ಹೇಳಿಕೊಂಡಿದ್ದ. 2007ರಲ್ಲಿ ಅವನು ಅಂಥ ಯಾವ ಪದವಿಯೂ ಇಲ್ಲದ 24ರ ಯುವಕ ಎಂದು ತಿಳಿದಾಗ ಎಲ್ಲ ಹೊಣೆಗಳನ್ನೂ ಬಿಟ್ಟು ಹೋಗಬೇಕಾಯಿತು. ಮುಖ್ಯ ಆಕ್ಷೇಪ ಇದ್ದದ್ದು ಸುಳ್ಳು ಪದವಿಗೆ, ಗುಪ್ತನಾಮಕ್ಕಲ್ಲ.

ಹಕ್ಕಿನ ವಿಷಯದಲ್ಲಿ ನಷ್ಟವಿಲ್ಲ. ವಿಕಿ ಬರಹ, ಚಿತ್ರಗಳಿಗೆ ಅನ್ವಯಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಗುಪ್ತನಾಮಕ್ಕೇ ಶ್ರೇಯಸ್ಸು ಕೊಡಲು ಅವಕಾಶ ಇಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಮಾತ್ರ ಲೆಕ್ಕ ಬೇರೆ ಮಾಡುತ್ತದೆ: ಹೆಸರು ಗೊತ್ತಿರುವ ಲೇಖಕರಿಗೆ ತೀರಿಕೊಂಡ ನಂತರ 60 ವರ್ಷ, ಗುಪ್ತನಾಮದ ಕೃತಿಗೆ ಮೊದಲ ಪ್ರಕಟಣೆಯಿಂದ 60 ವರ್ಷ, ನಡುವೆ ಹೆಸರು ಬಹಿರಂಗವಾದರೆ ಮತ್ತೆ ಮೊದಲಿನ ಲೆಕ್ಕ. ಎಡವುವುದು ಇಲ್ಲಿ: ಸ್ವಂತ ಹೆಸರಿನಲ್ಲಿ ಪತ್ರಿಕೆಗೆ ಕೊಟ್ಟ ಫೋಟೋವನ್ನು ಗುಪ್ತನಾಮದ ಖಾತೆಯಿಂದ ಕಾಮನ್ಸ್‌ಗೆ ಹಾಕಿದರೆ ಕದ್ದ ಚಿತ್ರವೆಂದು ಅಳಿಸುತ್ತಾರೆ. ಅನುಮತಿ ತಂಡಕ್ಕೆ ಇಮೇಲ್ ಬರೆದು ಒಪ್ಪಿಸಬಹುದು, ಅವರು ಗುಟ್ಟು ಕಾಯುತ್ತಾರೆ. ಆದರೆ ಅಂಥ ಚಿತ್ರವೇ ನಿಮ್ಮ ಎರಡು ಹೆಸರುಗಳ ನಡುವಿನ ಸೇತುವೆ. ಹಾಕದಿರುವುದೇ ಮೇಲು.

ಗುಪ್ತನಾಮ ಓದುಗರಿಂದ ಕಾಪಾಡುತ್ತದೆ, ನ್ಯಾಯಾಲಯದಿಂದಲ್ಲ. ಎಎನ್‌ಐ ಸುದ್ದಿಸಂಸ್ಥೆ ತನ್ನ ಕುರಿತ ಲೇಖನದ ಬಗ್ಗೆ ಹೂಡಿದ ಮಾನನಷ್ಟ ದಾವೆಯಲ್ಲಿ 2024ರಲ್ಲಿ ದೆಹಲಿ ಹೈಕೋರ್ಟು ಅದನ್ನು ತಿದ್ದಿದ ಸದಸ್ಯರ ವಿವರ ಕೊಡಲು ವಿಕಿಮೀಡಿಯ ಫೌಂಡೇಶನ್‌ಗೆ ಹೇಳಿತು.

ಯಾರಾದರೂ ನಿಮ್ಮ ಹೆಸರು ಬಯಲು ಮಾಡಿದರೆ

ಚರ್ಚೆಪುಟದಲ್ಲಿ ‘ಹೌದು’ ಎನ್ನಬೇಡಿ, ‘ಅಲ್ಲ’ ಎಂದೂ ಬರೆಯಬೇಡಿ. ನೀವೇ ಆ ಸಾಲನ್ನು ಅಳಿಸಬೇಡಿ. ಅಳಿಸಿದ್ದೂ ಇತಿಹಾಸದಲ್ಲಿ ಕಾಣುತ್ತದೆ. ಅರಳಿ ಕಟ್ಟೆಯಲ್ಲಿ ದೂರು ಹಾಕಿದರೆ ನೂರು ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಿರ್ವಾಹಕರು ಮರೆಮಾಡಿದ ಆವೃತ್ತಿ ಉಳಿದ ನಿರ್ವಾಹಕರಿಗೆ ಕಾಣುತ್ತಲೇ ಇರುತ್ತದೆ. ಅವರಿಗೂ ಕಾಣದಂತೆ ಮುಚ್ಚುವ ಅಧಿಕಾರ ಓವರ್‌ಸೈಟ್‌ನವರದ್ದು. ಕನ್ನಡ ವಿಕಿಪೀಡಿಯಕ್ಕೆ ಆ ಕೆಲಸವನ್ನು ಎಲ್ಲ ವಿಕಿಗಳನ್ನೂ ನೋಡಿಕೊಳ್ಳುವ ಸ್ಟೀವರ್ಡ್‌ಗಳು ಮಾಡುತ್ತಾರೆ. ಅವರ ಇಮೇಲ್ ವಿಳಾಸ ಎಲ್ಲ ವಿಕಿಗಳ ಸಮನ್ವಯ ತಾಣವಾದ ಮೆಟಾ-ವಿಕಿಯ ಓವರ್‌ಸೈಟ್ ಪುಟದಲ್ಲಿದೆ. ಅವರಿಗೆ ಕನ್ನಡ ಬಾರದಿರಬಹುದು, ಆದ್ದರಿಂದ ಇಂಗ್ಲಿಷಿನಲ್ಲಿ ಮೂರೇ ಸಾಲು ಬರೆಯಿರಿ: ಯಾವ ಪದಗಳು ಹೆಸರು ಬಯಲು ಮಾಡುತ್ತಿವೆ, ಅದು ಸಾರ್ವಜನಿಕವಾಗಿ ಹೇಳಿಕೊಂಡ ಹೆಸರಲ್ಲ ಎಂಬುದು, ಮತ್ತು ಆ ಬದಲಾವಣೆಯ ‘ವ್ಯತ್ಯಾಸ’ ಕೊಂಡಿ (ಇತಿಹಾಸದಲ್ಲಿ ಆ ಒಂದು ತಿದ್ದುಪಡಿಯನ್ನಷ್ಟೇ ತೋರಿಸುವುದು). ಬರೀ ಪುಟದ ಹೆಸರು ಕೊಟ್ಟರೆ ಕನ್ನಡ ಲಿಪಿಯ ಇತಿಹಾಸದಲ್ಲಿ ಆ ಸಾಲನ್ನು ಹುಡುಕುವುದರಲ್ಲೇ ಅವರ ಸಮಯ ಹೋಗುತ್ತದೆ.