ಕರೆದರೆ ಬರುವ ವ್ಯಾನು: ಮಲೆನಾಡಿನಲ್ಲಿ ನಾವು ಮಾಡಿದ ಬಗೆ

ಬಯಲುಸೀಮೆಯ ಹಳ್ಳಿಗೆ ಬಸ್ಸು ಬಿಡುವುದು ಸುಲಭ. ಮನೆಗಳೆಲ್ಲ ಒತ್ತಾಗಿರುತ್ತವೆ, ಬಸ್ಸು ಊರ ಮುಂದೆ ಬಂದು ನಿಂತರೆ ಸಾಕು. ನಮ್ಮ ಕೊಪ್ಪ, ಶೃಂಗೇರಿ ಕಡೆ ಹಾಗಲ್ಲ. ಗುಡ್ಡದಾಚೆ ಎರಡು ಮನೆ, ಹಳ್ಳ ದಾಟಿದರೆ ಮೂರು, ತೋಟದ ತಲೆಯಲ್ಲಿ ಇನ್ನೊಂದು. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿದ ಸಹಕಾರ ಸಾರಿಗೆ ಇಂಥ ಒಳದಾರಿಗಳಲ್ಲೂ ಓಡುತ್ತಿತ್ತು. 2020ರಲ್ಲಿ ಅದು ನಿಂತಿತು. ನಮ್ಮ ಭಾಗಕ್ಕೆ ಆ ಟ್ರಿಪ್ಪುಗಳ ಬದಲಿಗೆ ಬೇರೆ ಯಾವುದೂ ಬರಲಿಲ್ಲ.

ಬಸ್ಸಿನ ಶೆಡ್ಯೂಲು ಹಾಕುವ ಕೆಲಸ ಮಾಡಿ ನಿವೃತ್ತನಾದವನು ನಾನು. ಮಹಿಳಾ ಸಂಘದವರು ಒಂದು 12 ಸೀಟಿನ ವ್ಯಾನು ಹಿಡಿದುಕೊಂಡು ಬಂದು, ಇದನ್ನು ಹೇಗೆ ಓಡಿಸಬೇಕು ಹೇಳಿ ಎಂದರು. ಡಿಪೋದಲ್ಲಾಗಿದ್ದರೆ ಮೊದಲು ರೂಟು, ಆಮೇಲೆ ಟೈಮು, ಕೊನೆಗೆ ಜನ. ಇಲ್ಲಿ ಜನರಿಂದಲೇ ಶುರು ಮಾಡಬೇಕಿತ್ತು. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತಿದೆ. ಎಲ್ಲಿಂದ ಹತ್ತುತ್ತೀರಿ ಎಂದು ಕೇಳಲಿಲ್ಲ. ಎಲ್ಲಿಗೆ, ಎಷ್ಟು ಗಂಟೆಯೊಳಗೆ ಮುಟ್ಟಬೇಕು ಎಂದು ಕೇಳಿದೆ. ಒಬ್ಬ ಅಜ್ಜಿ ನನ್ನ ಪ್ರಶ್ನೆಯನ್ನೇ ತಿರುಗಿಸಿದರು: "ಹೋಗದು ಹೆಂಗಾದ್ರೂ ಹೋಗ್ಬಹುದು ಮಾರಾಯ, ಬರದು ಎಂತದ್ರಲ್ಲಿ?"

ನಮ್ಮ ಯೋಜನೆಯ ಬುಡ ಇದೇ ಆಯಿತು. ಬೆಳಿಗ್ಗೆ ಯಾರದ್ದೋ ಬೈಕು, ಹಾಲಿನ ಗಾಡಿ, ಏನೋ ಒಂದು ಸಿಗುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಹೊತ್ತಿಗೆ ಬಿಡುತ್ತಾರೋ, ರೇಷನ್ ಅಂಗಡಿಯಲ್ಲಿ ಸರ್ವರು ಎಷ್ಟು ಹೊತ್ತಿಗೆ ಹೆಬ್ಬೆಟ್ಟು ತೆಗೆದುಕೊಳ್ಳುತ್ತದೋ ಗೊತ್ತಿರುವುದಿಲ್ಲ. ವಾಪಸು ಬರುವ ಧೈರ್ಯವಿಲ್ಲದವರು ಹೊರಡುವುದೇ ಇಲ್ಲ. ಹಾಗಾಗಿ ಟೈಮನ್ನು ಸಂಜೆಯಿಂದ ಹಿಂದಕ್ಕೆ ಬರೆದೆ. ಸಂಜೆಯ ಟ್ರಿಪ್ಪು ಖಾಯಂ, ಒಬ್ಬರೇ ಇದ್ದರೂ ಹೊರಡಬೇಕು. ಬೆಳಗಿನದ್ದೂ ಖಾಯಂ. ನಡುವಿನದ್ದು ಮಾತ್ರ ಕರೆ ಬಂದರೆ ಉಂಟು. ಐದು ಜನ ಆಗದಿದ್ದರೆ ಬೇಡ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಒಂದು ಸಲ ದಾರಿಯಲ್ಲಿ ನಿಂತು ಸುಸ್ತಾದವರು ಮತ್ತೆ ಫೋನು ಮಾಡುವುದಿಲ್ಲ. ಬೇಡಿಕೆಗೆ ತಕ್ಕಂತೆ ಎಲ್ಲವನ್ನೂ ಬದಲಿಸುತ್ತ ಹೋದರೆ ಬೇಡಿಕೆಯೇ ಉಳಿಯುವುದಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ವ್ಯಾನು ಪೇಟೆಯವರೆಗೆ ಹೋಗುವುದಿಲ್ಲ, ಮುಖ್ಯರಸ್ತೆಯ ಕ್ರಾಸಿನವರೆಗೆ ಮಾತ್ರ. ಇದಕ್ಕೆ ಮೊದಮೊದಲು ಬೈಗುಳ ತಿಂದದ್ದಾಯಿತು. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಖಾಸಗಿ ಬಸ್ಸಿಗೂ ನಮ್ಮ ವ್ಯಾನಿಗೂ ಅದು ಅನ್ವಯಿಸುವುದಿಲ್ಲ. ಪೇಟೆತನಕ ನಾವೇ ಕರೆದೊಯ್ದರೆ ಬಿಟ್ಟಿ ಸಿಗುವ ದಾರಿಗೂ ಅವರಿಂದ ಕಾಸು ವಸೂಲಿ ಮಾಡಿದಂತೆ. ಮುಖ್ಯರಸ್ತೆಯಲ್ಲಿ ಅವರು ಖಾಸಗಿ ಬಸ್ಸನ್ನು ಬಿಟ್ಟು ಸರ್ಕಾರಿ ಬಸ್ಸಿಗೇ ಕಾಯುವುದನ್ನು ನೋಡಿದ್ದೆ. ಆದ್ದರಿಂದ ಸರ್ಕಾರಿ ಬಸ್ಸಿಗೆ 10 ನಿಮಿಷ ಮುಂಚೆ ವ್ಯಾನು ಕ್ರಾಸಿನಲ್ಲಿ ಇರಬೇಕು. ಈ ಹೊತ್ತು ಯಾರಿಗೋಸ್ಕರವೂ ಜರುಗುವುದಿಲ್ಲ. ಒಳಗೆ ಕೂತವರ ಪ್ರಯಾಣ 15 ನಿಮಿಷಕ್ಕಿಂತ ಹೆಚ್ಚು ಉದ್ದವಾಗುವಂತಿದ್ದರೆ ಹೊಸ ಕರೆ ನಂತರದ ಟ್ರಿಪ್ಪಿಗೆ ಹೋಗುತ್ತದೆ.

ಮನೆ ಬಾಗಿಲಿಗೇ ಬನ್ನಿ ಎಂಬ ಆಸೆ ಎಲ್ಲರದ್ದೂ. ಮಳೆಗಾಲದಲ್ಲಿ ಮಣ್ಣುರಸ್ತೆಗೆ ಇಳಿದ ಗಾಡಿಯನ್ನು ಎಳೆಯಲು ಜೀಪೇ ಬೇಕು. ಆದ್ದರಿಂದ ಸಂಕದ (ಕಾಲುಸೇತುವೆಯ) ಬುಡ, ಸೊಸೈಟಿ, ಶಾಲೆ, ಅರಳಿಕಟ್ಟೆ ಹೀಗೆ ಜಾಗ ಗೊತ್ತು ಮಾಡಿದೆವು. ನಡೆಯಲಾಗದವರಿಗೂ ಬಾಣಂತಿಯರಿಗೂ ಬೇಸಿಗೆಯಲ್ಲಿ ದಣಪೆಯವರೆಗೆ, ಅಂದರೆ ಮನೆಯ ಬೇಲಿಯ ಗೇಟಿನವರೆಗೆ.

ಕಾನೂನಿನ ಮಾತು ಹೇಳಲೇಬೇಕು, ಇಂಥ ಗಾಡಿ ನಿಲ್ಲುವುದೂ ಮುಳುಗುವುದೂ ಅಲ್ಲೇ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನನ್ನು ಬಿಟ್ಟು 12 ಜನರವರೆಗೆ ಕೂರಿಸುವ ಮ್ಯಾಕ್ಸಿಕ್ಯಾಬು, ತಲೆಗಿಷ್ಟೆಂದು ಹಣ ಪಡೆದರೂ ಕಾಂಟ್ರ್ಯಾಕ್ಟ್ ಕ್ಯಾರಿಯೇಜೇ, ಅಂದರೆ ಒಪ್ಪಂದದ ಮೇಲೆ ಬಾಡಿಗೆಗೆ ಓಡುವ ಗಾಡಿಯೇ. ಆದರೆ ಒಪ್ಪಂದದಲ್ಲಿಲ್ಲದವರನ್ನು ದಾರಿಯಲ್ಲಿ ಹತ್ತಿಸಿ ಇಳಿಸುವಂತಿಲ್ಲ. ಅದು ಸ್ಟೇಜ್ ಕ್ಯಾರಿಯೇಜಿನ, ಅಂದರೆ ರೂಟ್ ಬಸ್ಸಿನ ಕೆಲಸ, ಬೇರೆ ಪರ್ಮಿಟ್ಟು ಬೇಕು. ಹೀಗಾಗಿ ನಮಗೆ ಬುಕಿಂಗ್ ಪುಸ್ತಕವೇ ಆಧಾರ. ಹಿಂದಿನ ರಾತ್ರಿ ಬರೆದ ಹೆಸರುಗಳ ಪಟ್ಟಿ ಚಾಲಕನ ಕೈಲಿರುತ್ತದೆ. ಕೈ ಅಡ್ಡ ಹಿಡಿದವರನ್ನು ಹತ್ತಿಸುವುದಿಲ್ಲ, ನೆಂಟರಾದರೂ. ಬಿಳಿ ಬೋರ್ಡಿನ ಓಮ್ನಿಯಲ್ಲಿ ಇದನ್ನೆಲ್ಲ ಮಾಡಲು ಹೊರಡುವವರಿಗೆ ನಾನು ಹೇಳುವುದಿಷ್ಟೇ: ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದು ಬಾಡಿಗೆ ತಗೊಂಡಿದ್ದೀರಾ ಎಂದು.

ಬುಕಿಂಗಿಗೆ ಆ್ಯಪ್ ಮಾಡಿಕೊಡುತ್ತೇವೆ ಎಂದು ಹುಡುಗರು ಬಂದಿದ್ದರು. ಗುಡ್ಡದ ಮರೆಯಲ್ಲಿ ನೆಟ್‌ವರ್ಕೇ ಇಲ್ಲ. ವಿಚಿತ್ರವೆಂದರೆ ಹಲವು ಮನೆಗಳಲ್ಲಿ ವೈಫೈ ಉಂಟು, ಅದರಲ್ಲಿ ವಾಟ್ಸಾಪ್ ಧ್ವನಿ ಸಂದೇಶ ಬರುತ್ತದೆ. ಎರಡೂ ಇಲ್ಲದವರು ಸೊಸೈಟಿಯಲ್ಲಿ ಚೀಟಿ ಬಿಡುತ್ತಾರೆ. ರಾತ್ರಿ 8ಕ್ಕೆ ಸಂಘದ ಒಬ್ಬ ಹೆಂಗಸು ಎಲ್ಲವನ್ನೂ ಪುಸ್ತಕಕ್ಕೆ ಇಳಿಸುತ್ತಾರೆ. ಯಾವ ಮನೆಯವರು ಎಷ್ಟು ನಿಧಾನ ಎಂಬುದು ಆಕೆಗೆ ಗೊತ್ತು, ಯಾವ ಸಾಫ್ಟ್‌ವೇರಿಗೂ ಗೊತ್ತಿಲ್ಲ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುವುದರಿಂದ ಆ ದಿನದ ಸೀಟುಗಳನ್ನು ಮೊದಲೇ ಅವರಿಗೆ ಮೀಸಲಿಡುತ್ತಾರೆ. ನಾವು ಒಲ್ಲೆ ಎಂದ ಕರೆಗಳನ್ನು ಕೆಂಪು ಶಾಯಿಯಲ್ಲಿ ಬರೆಯಲು ಹೇಳಿದ್ದೇನೆ. ಡಿಪೋದಲ್ಲಿ ಕಿಲೋಮೀಟರಿಗೆ ಎಷ್ಟು ಬಂತು ಎಂದೇ ನೋಡುತ್ತಿದ್ದೆವು. ಇಲ್ಲಿ ನಾನು ಮೊದಲು ನೋಡುವುದು ಈ ಕೆಂಪು ಸಾಲು.

ದುಡ್ಡು? ಟಿಕೆಟ್ಟಿನಿಂದ ಖರ್ಚು ಪೂರ್ತಿ ಹುಟ್ಟುವುದಿಲ್ಲ, ಯಾವತ್ತೂ ಹುಟ್ಟದು. 2022ರಲ್ಲಿ ಕೇರಳದಲ್ಲಿ ಶುರುವಾದ ಗ್ರಾಮವಂಡಿ ಎಂಬ ಹಳ್ಳಿ ಬಸ್ಸಿನ ಯೋಜನೆಯಲ್ಲಿ ಇಂಧನದ ಖರ್ಚು ಸ್ಥಳೀಯ ಸಂಸ್ಥೆಯದ್ದು, ಸಿಬ್ಬಂದಿಯ ಸಂಬಳ ಸಾರಿಗೆ ನಿಗಮದ್ದು. ಆ ಲೆಕ್ಕವನ್ನೇ ನಮ್ಮ ಪಂಚಾಯಿತಿ ಮುಂದಿಟ್ಟು, ಡೀಸೆಲ್ ನಿಮ್ಮದು, ಚಾಲಕನ ಸಂಬಳ ಸಂಘದ್ದು ಎಂದೆವು. ಪೂರ್ತಿ ಒಪ್ಪಲಿಲ್ಲ, ಖಾಯಂ ಟ್ರಿಪ್ಪುಗಳ ಡೀಸೆಲ್ಲಿಗೆ ಒಪ್ಪಿದರು.

ಕ್ರಾಸಿನ ಆಟೋದವರು ಮೊದಲು ಸಿಟ್ಟಾಗಿದ್ದರು. ಅವರ ಹೊಟ್ಟೆಪಾಡು, ಸಿಟ್ಟು ಸಹಜ. ಕೆಂಪು ಶಾಯಿಯ ಕರೆಗಳನ್ನು ಅವರಿಗೇ ಕೊಡೋಣ ಎಂದು ಮಾತಾಯಿತು. ಈಗ ಮಧ್ಯಾಹ್ನದ ಒಂಟಿ ಕರೆಗಳೆಲ್ಲ ಸರದಿ ಪ್ರಕಾರ ಆಟೋಗೆ ಹೋಗುತ್ತವೆ. ಎಲ್ಲಿಗೆ ಎಷ್ಟು ದರ ಎಂಬುದನ್ನು ಮಾತ್ರ ಸೊಸೈಟಿ ಗೋಡೆಯ ಮೇಲೆ ಬರೆಸಿದ್ದೇವೆ.