ಪಟ್ಟಿಯಿಲ್ಲದೆ ಕೂಡಿದ ಹ್ಯಾಮ್‌ಸ್ಟರ್ ಕಾಲು

ನಮ್ಮ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಗುಂಡನ ಹಿಂಗಾಲು ಮುರಿದಾಗ ಯಾರನ್ನು ಕೇಳಿದರೂ ಒಂದೇ ಮಾತು, ಇದು ಉಳಿಯಲ್ಲ ಅಂತ. ಅಂಗಡಿಯವರಂತೂ "ನಾನೂರು ರೂಪಾಯಿಗೆ ಹೊಸದೇ ಬರುತ್ತೆ ಸಾರ್, ಡಾಕ್ಟರಿಗೆ ಯಾಕೆ ಸುರೀತೀರಾ?" ಅಂದರು. ಈಗ ಗುಂಡ ರಾತ್ರಿಯಿಡೀ ಚಕ್ರ ತಿರುಗಿಸಿ ನಮ್ಮ ನಿದ್ದೆ ಕೆಡಿಸುತ್ತಿದ್ದಾನೆ. ಅದಕ್ಕೇ ಬರೆಯಲು ಕೂತೆ.

ಸಿರಿಯನ್ ಜಾತಿ, ತೂಕ ನೂರಿಪ್ಪತ್ತು ಗ್ರಾಂ ಆಸುಪಾಸು. ಪಂಜರದ ಜೊತೆ ಪುಕ್ಕಟೆ ಬರುವ ತಂತಿ ಚಕ್ರ ಗೊತ್ತಲ್ಲ, ಅದರ ಸಂದಿಗೆ ಸಿಕ್ಕಿ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಚರ್ಮ ಹರಿದಿರಲಿಲ್ಲ, ಅದೊಂದು ಪುಣ್ಯ. ಮೂಳೆ ಹೊರಬಂದಿದ್ದರೆ ಕಾಲನ್ನೇ ತೆಗೆಸಬೇಕಾಗುತ್ತಿತ್ತು. (ಅದಕ್ಕೆ ಏಳೆಂಟು ಸಾವಿರ ಅಂದಿದ್ದರು. ಮೂರು ಕಾಲಲ್ಲೂ ಇವು ಸಲೀಸಾಗಿ ಓಡಾಡುತ್ತವೆ, ಹೆದರಬೇಡಿ.)

ಮೊದಲು ತೋರಿಸಿದ ಕಡೆ ಪುಟ್ಟ ಪಟ್ಟಿ ಕಟ್ಟಿದರು. ಬೆಳಗಾಗುವಷ್ಟರಲ್ಲಿ ಕಡಿದು ಚೂರು ಮಾಡಿದ್ದ. ಮತ್ತೆ ಕಟ್ಟಿಸಿದೆ, ಈ ಸಲ ಪಾದ ಊದಿಕೊಂಡಿತು. ಆರುನೂರು ರೂಪಾಯಿ ನೀರಿಗೆ ಹೋಯಿತು. ಆಮೇಲೆ ಮೊಲ, ಹಕ್ಕಿ ನೋಡುವ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆದು, "ಪಟ್ಟಿ ಬಿಚ್ಚಿ, ಜಾಗ ಕಿರಿದು ಮಾಡಿ, ಹತ್ತೋಕೆ ಏನೂ ಇಡಬೇಡಿ" ಅಂದರು. ನೋವಿಗೆ ಮೆಲಾಕ್ಸಿಕ್ಯಾಮ್ ಹನಿ ಕೊಟ್ಟರು. ಅಳತೆ ನಿಮ್ಮ ಡಾಕ್ಟರನ್ನೇ ಕೇಳಿ. ನೂರು ಗ್ರಾಂ ಜೀವಕ್ಕೆ ಅಂದಾಜು ನಡೆಯಲ್ಲ.

ಮೂರಂತಸ್ತಿನ ಪಂಜರ ಅಟ್ಟಕ್ಕೆ ಹೋಯಿತು. ಬಟ್ಟೆ ತುಂಬುವ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಅದರಲ್ಲಿ ಬಿಟ್ಟೆ. ಚಕ್ರವಿಲ್ಲ, ಏಣಿಯಿಲ್ಲ, ನೀರಿನ ಬಾಟಲಿ ನೆಲಕ್ಕೆ ಹತ್ತಿರ. ಹಾಸಿಗೆಯಲ್ಲೇ ನನ್ನ ಪ್ರಯೋಗಗಳು ಶುರುವಾದವು. ಭತ್ತದ ಹೊಟ್ಟು ಹಾಕಿದರೆ ಸೀನು. ನ್ಯೂಸ್ ಪೇಪರ್ ಹಾಕಿದರೆ ಹೊಟ್ಟೆಯೆಲ್ಲ ಕಪ್ಪು. ಹತ್ತಿಯ ಗೋಜಿಗೇ ಹೋಗಬೇಡಿ, ಎಳೆ ಕಾಲಿಗೆ ಸುತ್ತಿಕೊಂಡರೆ ಇನ್ನೊಂದು ಕಾಲೂ ಹೋದ ಹಾಗೆ. ಕಡೆಗೆ ಗೆದ್ದದ್ದು ಹರಿದ ಬಿಳಿ ಟಿಶ್ಯೂ, ವಾಸನೆಯಿಲ್ಲದ್ದು.

ಔಷಧಿ ಕುಡಿಸುವುದು ದೊಡ್ಡ ಯುದ್ಧ. ಸಿರಿಂಜ್ ಕಂಡರೆ ಬೆರಳಿಗೇ ಬಾಯಿ. ಆಮೇಲೆ ಒಂದು ತಿನಿಸಿಗೆ ಸವರಿ ಕೊಡತೊಡಗಿದೆ, ತಿನಿಸು ಕೂಡಿಡುವ ಕೆನ್ನೆಚೀಲಕ್ಕೂ ತುಂಬದೆ ಅಲ್ಲೇ ನೆಕ್ಕಿ ಮುಗಿಸುತ್ತಿದ್ದ. ಯಾವ ತಿನಿಸು ಅಂತ ಹೇಳಲ್ಲ, ನಿಮ್ಮದರ ಚಪಲ ನೀವೇ ಹುಡುಕಿ.

ದಿನಾ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದೆ. ನೂರೈದರವರೆಗೆ ಇಳಿದಾಗ ನನಗೂ ಎದೆ ಝಲ್ಲೆಂದಿತ್ತು. ಬೇಯಿಸಿದ ಮೊಟ್ಟೆಯ ಚೂರು, ಮೊಳಕೆ ರಾಗಿ ಕೊಟ್ಟೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಲ್ಲ, ಕಾಲು ಕೂಡಿದ್ದೇ ರಾಗಿಯಿಂದ ಅಂತ ನಮ್ಮತ್ತೆ ನಂಬಿದ್ದಾರೆ. ಇವನು ತಿಂದಿದ್ದು ಚಿಟಿಕೆಯಷ್ಟು, ಆದರೂ ನಾನು ವಾದಕ್ಕಿಳಿಯಲ್ಲ.

ಮೂರ್ನಾಲ್ಕು ವಾರಕ್ಕೆ ಕಾಲೂರಿದ. ಪಾದ ಸ್ವಲ್ಪ ಸೊಟ್ಟ, ಓಟಕ್ಕೆ ತೊಂದರೆಯಿಲ್ಲ. ಇನ್ನೆರಡು ವಾರ ತಡೆದು ಎಂಟಿಂಚಿನ, ಸಂದಿಯಿಲ್ಲದ ಚಕ್ರ ಕೊಡಿಸಿದೆ, ಒಂಬೈನೂರು. ಎಲ್ಲ ಸೇರಿ ಮೂರೂವರೆ ಸಾವಿರ ಚಿಲ್ಲರೆ. ಆ ಪಟ್ಟಿಗಳ ದುಡ್ಡು ಉಳಿದಿದ್ದರೆ ಮೂರರೊಳಗೆ ಮುಗಿಯುತ್ತಿತ್ತು.